ಪದ ಅವರದು, ಅರ್ಥ ಯಾರದು?

ನಮ್ಮ ಬೀದರ್ ಜಿಲ್ಲೆಯ ಹಲವು ಹಳ್ಳಿಗಳಲ್ಲಿ ಇಂದಿಗೂ ಅಮಾವಾಸ್ಯೆಯ ರಾತ್ರಿ ಗುಡಿಯ ಕಟ್ಟೆಯ ಮೇಲೋ ಮಠದ ಅಂಗಳದಲ್ಲೋ ಭಜನೆ ನಡೆಯುತ್ತದೆ. ಏಕತಾರಿ, ದಮ್ಮಡಿ, ತಾಳ ಇಷ್ಟೇ ವಾದ್ಯಗಳು. ಹಾಡುವವರಲ್ಲಿ ಅಕ್ಷರ ಕಲಿತವರು ಒಬ್ಬಿಬ್ಬರಿರಬಹುದು, ಉಳಿದವರೆಲ್ಲ ಕಿವಿಯಿಂದ ಕಲಿತವರು. ಅವರು ಹಾಡುವ ತತ್ವಪದಗಳನ್ನು ಮೊದಲ ಸಲ ಕೇಳಿದವರಿಗೆ ತಲೆ ಬುಡ ತಿಳಿಯುವುದಿಲ್ಲ. ಅಲ್ಲಿ ಸಣ್ಣ ಪ್ರಾಣಿ ದೊಡ್ಡ ಪ್ರಾಣಿಯನ್ನು ನುಂಗುತ್ತದೆ, ಹುಟ್ಟದ ಕೂಸಿಗೆ ತೊಟ್ಟಿಲು ಕಟ್ಟುತ್ತಾರೆ, ಮನೆಗೆ ಒಂಬತ್ತು ಬಾಗಿಲು ಇರುತ್ತವೆ. ಪದ ಮುಗಿದ ಮೇಲೆ "ಇದರ ಅರ್ಥ ಏನ್ರಿ?" ಎಂದು ಕೇಳಿದರೆ, ಮುಂದಾಳು ಹಾಡುಗಾರ ನಕ್ಕು, "ತಿಳಿದವರಿಗೆ ತಿಳಿದಷ್ಟು" ಎಂದು ಹೇಳಿ ಮುಂದಿನ ಪದಕ್ಕೆ ತಾಳ ಹಾಕುತ್ತಾನೆ.

ಈ ಉತ್ತರ ನನ್ನನ್ನು ಬಹಳ ಕಾಲ ಕಾಡಿದೆ. ನಾನು ಶಾಲೆಯ ಮಾಸ್ತರಿಕೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು. ಪದ್ಯವೆಂದರೆ ಭಾವಾರ್ಥ, ಭಾವಾರ್ಥವೆಂದರೆ ಐದು ಅಂಕ ಎಂಬ ಲೆಕ್ಕದಲ್ಲಿ ದಿನ ಕಳೆದವಳು. ಅರ್ಥವನ್ನು ಹೇಳದೆ ಬಿಡುವುದು ನಮ್ಮ ಕೆಲಸದಲ್ಲಿ ಸಲ್ಲದ ಮಾತು. ಆದರೆ ನಮ್ಮ ನೆಲದ ಪದಕಾರರು ಎಂಟುನೂರು ವರ್ಷಗಳಿಂದ ಇದನ್ನೇ ಮಾಡುತ್ತ ಬಂದಿದ್ದಾರೆ. ಅವರು ಪದ ಕಟ್ಟಿದರು, ಅಂಕಿತ ಹಾಕಿದರು, ಅರ್ಥವನ್ನು ಮಾತ್ರ ಬಿಚ್ಚಿ ಹೇಳದೆ ಹೋದರು. ಹೇಳಲು ಬಾರದೆ ಬಿಟ್ಟರೇ? ಹೆದರಿ ಬಿಟ್ಟರೇ? ಅಥವಾ ಬೇಕೆಂದೇ ಬಿಟ್ಟರೇ? ಇದನ್ನು ವಿಚಾರಿಸುವುದು ಪಂಡಿತರಿಗಷ್ಟೇ ಸೇರಿದ ಕೆಲಸವೆಂದು ನಾನು ತಿಳಿದಿಲ್ಲ. ಪದಗಳನ್ನು ನಾಲಿಗೆಯ ಮೇಲೆ ಉಳಿಸಿಕೊಂಡು ಬಂದವರಲ್ಲಿ ಹೆಂಗಸರ ಪಾಲು ದೊಡ್ಡದು. ಆದುದರಿಂದ ಈ ಪ್ರಶ್ನೆ ನಮ್ಮದೂ ಹೌದು.

ಕಥೆ ಶುರುವಾಗುವುದು ನಮ್ಮ ಜಿಲ್ಲೆಯದೇ ಆದ ಬಸವಕಲ್ಯಾಣದಿಂದ. 12ನೆಯ ಶತಮಾನದ ಶರಣರ ವಚನಗಳನ್ನು ನಾವು ಸರಳವೆಂದು ಹೊಗಳುತ್ತೇವೆ. ಬಸವಣ್ಣನವರ ಮಾತು ಅಂಗೈಯ ನೆಲ್ಲಿಕಾಯಿಯಂತೆ ಸ್ಪಷ್ಟ. ಆದರೆ ಅದೇ ಅನುಭವ ಮಂಟಪದ ಶೂನ್ಯಪೀಠದಲ್ಲಿ ಕುಳಿತಿದ್ದ ಅಲ್ಲಮಪ್ರಭುಗಳು ಎಷ್ಟೋ ವಚನಗಳನ್ನು ಒಗಟಿನ ಹಾಗೆ ನುಡಿದರು. ಇವುಗಳಿಗೆ ಬೆಡಗಿನ ವಚನಗಳೆಂದು ಹೆಸರು. 'ಬೆಡಗು' ಎಂದರೆ ಚೆಲುವು ಎಂದೂ ಆಗುತ್ತದೆ, ಗೂಢ ಎಂದೂ ಆಗುತ್ತದೆ. ಹೆಸರಿನಲ್ಲಿಯೇ ಎರಡು ಅರ್ಥ ಇಟ್ಟುಕೊಂಡ ಪ್ರಕಾರ ಇದು. ಮುಂದೆ ಹರಿದಾಸರ ಕಾಲಕ್ಕೆ ಕನಕದಾಸರು ಇಂಥ ಜಾಣ್ಮೆಯಲ್ಲಿ ಕಟ್ಟಿದ ಪದಗಳು ಮುಂಡಿಗೆ ಎನಿಸಿದವು.

ಅಲ್ಲಮರೊಡನೆ ಸರಿಸಮನಾಗಿ ಈ ಭಾಷೆಯಲ್ಲಿ ಮಾತಾಡಿದವಳು ಒಬ್ಬ ಹೆಣ್ಣುಮಗಳು, ಮುಕ್ತಾಯಕ್ಕ. ಅವಳ ಅಣ್ಣ ಅಜಗಣ್ಣ ತನ್ನ ಭಕ್ತಿಯನ್ನು ಯಾರಿಗೂ ತೋರಗೊಡದೆ ಬಾಳಿದ ಗುಪ್ತಭಕ್ತನೆಂದು ಪುರಾಣಗಳು ಹೇಳುತ್ತವೆ. ಅವನು ತೀರಿಕೊಂಡಾಗ ದುಃಖದಲ್ಲಿ ಕುಳಿತ ತಂಗಿಯನ್ನು ಅಲ್ಲಮರು ಮಾತಾಡಿಸಿದರು. ಅವಳು ಸುಮ್ಮನೆ ತಲೆಬಾಗಲಿಲ್ಲ, ಮಾತಿಗೆ ಮಾತು ಕೊಟ್ಟಳು. ಅಣ್ಣನ ಹೆಸರನ್ನೇ ಅಂಕಿತ ಮಾಡಿಕೊಂಡಳು. ಅವರ ಸಂವಾದವನ್ನು ತಂಗಿಯ ಶೋಕವೆಂದು ಓದಿದರೂ ಕಣ್ಣು ತುಂಬುತ್ತದೆ, ಜ್ಞಾನದ ಚರ್ಚೆಯೆಂದು ಓದಿದರೂ ತಲೆದೂಗಬೇಕಾಗುತ್ತದೆ. ಒಂದು ಅರ್ಥ ಇನ್ನೊಂದನ್ನು ಹೊರಗೆ ಹಾಕುವುದಿಲ್ಲ.

ಮುನ್ನೂರು ವರ್ಷ ಕಳೆಯುವ ಹೊತ್ತಿಗೆ ವಿಜಯನಗರದ ಪ್ರೌಢದೇವರಾಯನ ಕಾಲ ಬಂತು. 15ನೆಯ ಶತಮಾನದಲ್ಲಿ ಚದುರಿಹೋಗಿದ್ದ ವಚನಗಳನ್ನು ಕೂಡಿಸುವ ದೊಡ್ಡ ಕೆಲಸ ನಡೆಯಿತು. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲ ಶೂನ್ಯಸಂಪಾದನೆಯನ್ನು ಹೊಂದಿಸಿದರು. ಬೆಡಗಿನ ವಚನಗಳಿಗೆ ಟೀಕುಗಳು ಹುಟ್ಟಿದವು. ಟೀಕು ಎಂದರೆ ಸಾಲಿನ ಅರ್ಥವನ್ನು ಬಿಡಿಸಿ ಬರೆಯುವುದು. ಇಂಥ ಪ್ರಾಣಿ ಎಂದರೆ ಮನಸ್ಸು, ಇಂಥ ಮರ ಎಂದರೆ ಶರೀರ, ಇಷ್ಟು ಜನ ಎಂದರೆ ಇಂದ್ರಿಯಗಳು ಎಂದು ಒಂದೊಂದಕ್ಕೂ ಕೀಲಿಕೈ ಕೊಡುವುದು. ಈ ಟೀಕುಗಾರರ ಉಪಕಾರ ಸಣ್ಣದಲ್ಲ. ಅವರು ಬರೆದಿಡದಿದ್ದರೆ ಎಷ್ಟೋ ವಚನಗಳ ಜಾಡೇ ಇಂದು ಸಿಗುತ್ತಿರಲಿಲ್ಲ. ಆದರೆ ಒಂದು ಮಾತು ಗಮನಿಸಬೇಕು. ಈ ಅರ್ಥಗಳು ಅಲ್ಲಮರು ಕೊಟ್ಟವಲ್ಲ, ಓದಿದವರು ಕೊಟ್ಟವು. ಅಲ್ಲಮರು ಬಾಗಿಲನ್ನು ತೆರೆದಿಟ್ಟಿದ್ದರು. ಟೀಕುಗಾರರು ಒಳಗೆ ಹೋಗಿ ತಾವು ಕಂಡುದನ್ನು ಬರೆದರು.

ಇದು ಕನ್ನಡದಲ್ಲಿ ಮಾತ್ರ ನಡೆದುದಲ್ಲ. ಪೂರ್ವ ಭಾರತದ ಬೌದ್ಧ ಸಿದ್ಧರ ಚರ್ಯಾಪದಗಳಲ್ಲಿಯೂ ಇದೇ ಬಗೆಯ ಗೂಢಭಾಷೆ ಇದೆ. ಅದನ್ನು ಸಂಧ್ಯಾಭಾಷೆ ಎನ್ನುತ್ತಾರೆ. ಹರಪ್ರಸಾದ ಶಾಸ್ತ್ರಿಗಳಿಗೆ 1907ರಲ್ಲಿ ನೇಪಾಳದಲ್ಲಿ ಅದರ ಹಸ್ತಪ್ರತಿ ಸಿಕ್ಕಿತು. ಅದರಲ್ಲಿ ಪದಗಳ ಜೊತೆಗೆ ಮುನಿದತ್ತನೆಂಬವನ ಸಂಸ್ಕೃತ ವ್ಯಾಖ್ಯಾನವೂ ಇತ್ತು. ಕಾಶಿಯ ಕಬೀರನ ತಿರುವುಮುರುವಿನ ಪದಗಳು ಉಲಟಬಾಸಿ ಎನಿಸಿಕೊಂಡವು. ಜನರ ಭಾಷೆಯಲ್ಲಿ ಹಾಡಿದವರು ಮಾತನ್ನು ಬಿಚ್ಚಿ ಇಡುತ್ತಾರೆ, ಅವರ ಹಿಂದೆ ಬಂದವರು ಅದಕ್ಕೆ ಗಂಟು ಹಾಕಿ ಜೋಪಾನ ಮಾಡುತ್ತಾರೆ. ಎಲ್ಲ ಕಡೆಯೂ ಹೀಗೆಯೇ ನಡೆದುಬಂದಿದೆ.

ಪದಕ್ಕೆ ಎರಡು ಅರ್ಥ ಇರಬಹುದು, ಮನುಷ್ಯನಿಗೂ ಇರಬಹುದೇ? ಇರಬಹುದು ಎಂಬುದಕ್ಕೆ ಬೀದರ್ ನಗರದ ಪಕ್ಕದ ಅಷ್ಟೂರು ಸಾಕ್ಷಿಯಾಗಿದೆ. ಅಲ್ಲಿ ಬಹಮನಿ ಸುಲ್ತಾನರ ಗೋರಿಗಳಿವೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹ್ಮದ್ ಶಾಹ 1436ರಲ್ಲಿ ತೀರಿಕೊಂಡು ಅಲ್ಲಿಯೇ ಮಲಗಿದ್ದಾನೆ. ಅವನ ಗುಮ್ಮಟದ ಒಳಗೋಡೆಗಳ ಮೇಲೆ ಬಣ್ಣದ ಚಿತ್ತಾರ, ಬಂಗಾರದ ಅಕ್ಷರ. ಮುಸಲ್ಮಾನರಿಗೆ ಅವನು 'ವಲಿ', ಅಂದರೆ ಸಂತ. ನಮ್ಮ ಕಡೆಯ ಎಷ್ಟೋ ಲಿಂಗಾಯತ ಭಕ್ತರಿಗೆ ಅವನು ಅಲ್ಲಮಪ್ರಭುವಿನ ಅವತಾರ. ಪ್ರತಿ ವರ್ಷ ಹೋಳಿ ಹುಣ್ಣಿಮೆಯ ನಂತರ, ಹಿಂದೂ ಪಂಚಾಂಗದ ಲೆಕ್ಕದಂತೆ, ಅಲ್ಲಿ ಉರುಸು ನಡೆಯುತ್ತದೆ. ಕಲಬುರಗಿ ಕಡೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಒಂದೇ ಗೋರಿಗೆ ಕೆಲವರು ಚಾದರ ಹೊದಿಸುತ್ತಾರೆ, ಕೆಲವರು ತೆಂಗಿನಕಾಯಿ ಒಡೆಯುತ್ತಾರೆ. ಗೋರಿಯೊಳಗೆ ಮಲಗಿದವನನ್ನು ಎಬ್ಬಿಸಿ "ನೀನು ಯಾರವನು?" ಎಂದು ಕೇಳುವ ಗೋಜಿಗೆ ಯಾರೂ ಹೋಗಿಲ್ಲ. ಇಂಥ ನೆಲದಲ್ಲಿ ಹಾಡಿದ ಪದಗಳಿಗೆ ಒಂದೇ ಅರ್ಥ ಇರಬೇಕೆಂದರೆ ಹೇಗಾದೀತು?

ಬೆಡಗಿನ ವಚನಗಳು ಓಲೆಗರಿಯ ದಾರಿ ಹಿಡಿದು ಬಂದರೆ, ತತ್ವಪದಗಳು ಕಂಠದ ದಾರಿ ಹಿಡಿದು ಬಂದವು. ನಮ್ಮ ಭಾಗದಲ್ಲಿ ಈ ದಾರಿಯ ದೊಡ್ಡ ಹೆಸರು ಕಡಕೋಳ ಮಡಿವಾಳಪ್ಪನವರದು. ಅವರ ಶಿಷ್ಯರ ಯಾದಿ ನೋಡಿದರೆ ಒಂದು ಊರಿನ ಎಲ್ಲ ಓಣಿಗಳನ್ನು ಸುತ್ತಿ ಬಂದಂತೆ ಆಗುತ್ತದೆ. ಚೆನ್ನೂರು ಜಲಾಲಸಾಹೇಬರು ಇದ್ದಾರೆ, ಖೈನೂರು ಕೃಷ್ಣಪ್ಪನವರು ಇದ್ದಾರೆ, ತೆಲಗಬಾಳ ರೇವಪ್ಪನವರು, ರಾಂಪುರದ ಬಕ್ಕಪ್ಪನವರು ಇದ್ದಾರೆ. ಕಲಬುರಗಿಯ ಮೀನಾಕ್ಷಿ ಬಾಳಿಯವರಂಥ ವಿದುಷಿಯರು ಈ ಪರಂಪರೆಯನ್ನು ಹುಡುಕಿ ಅಭ್ಯಾಸ ಮಾಡಿರುವುದು ನಮಗೆಲ್ಲ ಅಭಿಮಾನದ ಸಂಗತಿ. ನಮ್ಮ ಹುಮನಾಬಾದಿನ ಹತ್ತಿರದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು (1817-1865) ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದಗಳನ್ನು ಹಾಡಿದರು. ಅತ್ತ ಶಿಶುನಾಳದಲ್ಲಿ ಶರೀಫಸಾಹೇಬರು (1819-1889) ಕಳಸದ ಗೋವಿಂದಭಟ್ಟರ ಶಿಷ್ಯರಾಗಿ ಹಾಡಿದರು. ಅವರ ಪದಗಳನ್ನು ನಾಗಾಭರಣರ 1990ರ ಸಿನಿಮಾ ಮತ್ತು ಸಿ. ಅಶ್ವತ್ಥರ ಧ್ವನಿ ಪಟ್ಟಣದ ಮನೆಮನೆಗೂ ಮುಟ್ಟಿಸಿದವು. ಕೋಳಿ ಕೋಡಗವನ್ನು ನುಂಗುವ ಆ ಪದವನ್ನು ನಮ್ಮ ಮಕ್ಕಳು ಅರ್ಥ ಕೇಳದೆಯೇ ಕುಣಿದು ಹಾಡುತ್ತಾರೆ. ಬೆಳೆದ ಮೇಲೆ ಎಂದಾದರೊಂದು ದಿನ ತಾವೇ ಕೇಳಿಕೊಳ್ಳುತ್ತಾರೆ.

ಈ ಗುರುಶಿಷ್ಯರ ಗುಂಪಿನಲ್ಲಿ ಅರ್ಥವನ್ನು ತೆರೆದಿಡುವುದು ಅನಿವಾರ್ಯವೂ ಆಗಿತ್ತೆಂದು ನನಗೆ ತೋರುತ್ತದೆ. ಒಬ್ಬನು ನಮಾಜು ಮಾಡುವವನು, ಇನ್ನೊಬ್ಬನು ಲಿಂಗಪೂಜೆ ಮಾಡುವವನು, ಮತ್ತೊಬ್ಬನು ಸಂಧ್ಯಾವಂದನೆಯ ಮನೆಯಿಂದ ಬಂದವನು. ಮೂವರೂ ಒಂದೇ ಪದವನ್ನು ಒಂದೇ ದನಿಯಲ್ಲಿ ಹಾಡಬೇಕಾದರೆ, ಆ ಪದದಲ್ಲಿ ಮೂವರಿಗೂ ಕುಳಿತುಕೊಳ್ಳಲು ಜಾಗವಿರಬೇಕು. ದೇವರ ಹೆಸರು ಹಿಡಿದು ಹಾಡಿದರೆ ಒಬ್ಬನು ಎದ್ದು ಹೋದಾನು. ಮನೆ, ಬಾವಿ, ಹೊಲ, ನೇಯ್ಗೆ, ಬೀಸುವ ಕಲ್ಲು ಎಂದು ಹಾಡಿದರೆ ಯಾರೂ ಏಳುವುದಿಲ್ಲ. ಇವೆಲ್ಲ ಎಲ್ಲರ ಮನೆಯವು.

ಇದಕ್ಕೆ ಚರಿತ್ರೆಯ ಇನ್ನೊಂದು ಕಾರಣವೂ ಸೇರಿಕೊಂಡಿತು. ನಿಜಾಮರ ರಾಜ್ಯದಲ್ಲಿ ಕಚೇರಿಯ ಭಾಷೆ ಉರ್ದು, ಶಾಲೆಯ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಬೋಧನೆ ಉರ್ದುವಿನಲ್ಲಿ. ಕನ್ನಡವು ಮನೆಯ ಮತ್ತು ಭಜನೆಯ ಭಾಷೆಯಾಗಿ ಉಳಿಯಿತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಂದು ಔರಾದ ತಾಲೂಕಿಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿದ ಅವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಬೋರ್ಡು ಓದಿದ ಅಧಿಕಾರಿಗೆ ಅದು ಉರ್ದು ಶಾಲೆ, ಒಳಗೆ ಪಾಟಿ ಹಿಡಿದು ಕುಳಿತ ಮಗುವಿಗೆ ಅದು ಕನ್ನಡ ಶಾಲೆ. ಬೆಡಗಿನ ಪದ ಕೇಳಿ ಬೆಳೆದ ನೆಲದಲ್ಲಿ ಇಂಥ ಉಪಾಯ ಹೊಳೆದದ್ದು ಸೋಜಿಗವಲ್ಲ. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ಬೀದರ್ ಕನ್ನಡನಾಡಿಗೆ ಸೇರಿತು. ಅಲ್ಲಿಯವರೆಗೆ ಪದಗಳನ್ನು ಕಾದವರು ಅಕ್ಷರ ಬಾರದ ಹಾಡುಗಾರರು. ಅವರ ಬಳಿ ಟೀಕಿನ ಪುಸ್ತಕ ಇರಲಿಲ್ಲ, ಬದುಕು ಇತ್ತು. ಅರ್ಥವನ್ನು ಅದರಿಂದಲೇ ತೆಗೆದುಕೊಂಡರು.

ಇನ್ನು ನಮ್ಮ ಹೆಂಗಸರ ಪಾಲಿನ ಮಾತಿಗೆ ಬರುತ್ತೇನೆ. 17ನೆಯ ಶತಮಾನದ ವಿಜಾಪುರದ ಸೂಫಿಗಳು ದಖ್ಖನಿ ಮಾತಿನಲ್ಲಿ ಚಕ್ಕಿನಾಮಾ, ಚರಖಾನಾಮಾ ಎಂಬ ಪದಗಳನ್ನು ಕಟ್ಟಿದ್ದರು. ಚಕ್ಕಿ ಎಂದರೆ ಬೀಸುವ ಕಲ್ಲು, ಚರಖಾ ಎಂದರೆ ನೂಲುವ ರಾಟೆ. ರಿಚರ್ಡ್ ಈಟನ್ ಎಂಬ ಇತಿಹಾಸಕಾರರು 1978ರಲ್ಲಿ ಪ್ರಕಟಿಸಿದ ವಿಜಾಪುರದ ಸೂಫಿಗಳ ಕುರಿತ ಗ್ರಂಥದಲ್ಲಿ ಇವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಬೀಸುವ ಕಲ್ಲಿನ ಗೂಟ ನೆಟ್ಟಗೆ ನಿಂತಿರುವುದರಿಂದ ಅದು ಅಲಿಫ್ ಅಕ್ಷರದ ಹಾಗೆ, ಅಂದರೆ ಅಲ್ಲಾಹನ ಹೆಸರಿನ ಮೊದಲ ಅಕ್ಷರದ ಹಾಗೆ. ನಡುವಿನ ಕೀಲು ಪ್ರವಾದಿ. ಹೀಗೆ ಬೀಸುವ ಹೆಂಗಸಿಗೆ ಅವಳ ಕೈಯಲ್ಲಿದ್ದ ಕಲ್ಲಿನಿಂದಲೇ ಧ್ಯಾನ ಕಲಿಸಿದರು. ಪದ ಕಟ್ಟಿದವರು ಗಂಡಸರು, ಅದನ್ನು ದಿನ ಬೆಳಗಾದರೆ ಹಾಡಿದವರು ಹೆಂಗಸರು.

ಕನ್ನಡದ ಬೀಸುವ ಪದಗಳಲ್ಲಿ ಇದೇ ಕೆಲಸ ಹೆಂಗಸರಿಂದಲೇ ನಡೆಯಿತು. ನಮ್ಮ ತ್ರಿಪದಿಗಳನ್ನು ಕಟ್ಟಿದವಳ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಅವಳು ಜೋಳ ಬೀಸುತ್ತ ತವರನ್ನು ನೆನೆದಳು, ಅಣ್ಣನನ್ನು ಹರಸಿದಳು, ಕಲ್ಲನ್ನೇ ತಾಯಿಯೆಂದು ಮಾತಾಡಿಸಿದಳು. ಪಕ್ಕದ ಕೋಣೆಯಲ್ಲಿ ಮಲಗಿದ ಅತ್ತೆಗೆ ಅದು ದೇವರ ಹಾಡಾಗಿ ಕೇಳಿಸಿತು. ಎದುರು ಕುಳಿತು ಗೂಟ ಹಿಡಿದ ನೆಗೆಣ್ಣಿಗೆ ಮಾತ್ರ ಅದರಲ್ಲಿ ನಿನ್ನೆ ರಾತ್ರಿಯ ಕಣ್ಣೀರು ಕೇಳಿಸಿತು. ಬಾಯಿಬಿಟ್ಟು ಹೇಳಲಾರದ ಮಾತನ್ನು ಹಾಡಿನಲ್ಲಿ ಇಟ್ಟು, "ಇದು ಹಾಡು ಮಾತ್ರ" ಎಂದು ನುಣುಚಿಕೊಳ್ಳುವ ದಾರಿ ಅವಳಿಗೆ ಬೇಕಿತ್ತು. ತೆರೆದ ಅರ್ಥ ಆಕೆಗೆ ಅಲಂಕಾರವಲ್ಲ, ತಲೆಯ ಮೇಲಿನ ಸೆರಗಿನಂತೆ ರಕ್ಷಣೆ.

ಇದನ್ನು ಇನ್ನೂ ಚೆನ್ನಾಗಿ ಕಾಣಬೇಕಾದರೆ ಔರಾದಿಗೆ ಬರಬೇಕು. ಔರಾದ ನಮ್ಮ ರಾಜ್ಯದ ತುತ್ತತುದಿ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಅಮರೇಶ್ವರನ ಊರು. ಅಲ್ಲಿಯ ಮನೆಗಳಲ್ಲಿ ಕನ್ನಡವೂ ಉಂಟು, ಮರಾಠಿಯೂ ಉಂಟು, ಸಂತೆಯಲ್ಲಿ ದಖ್ಖನಿಯೂ ತೆಲುಗೂ ಉಂಟು. ಭಜನೆಯಲ್ಲಿ ಒಂದು ತತ್ವಪದ ಮುಗಿದರೆ ಒಂದು ಅಭಂಗ ಎದ್ದರೆ ಯಾರಿಗೂ ಆಶ್ಚರ್ಯವಿಲ್ಲ. ಮರಾಠಿಯ ಸಂತ ಏಕನಾಥರು ಗೋದಾವರಿ ದಂಡೆಯ ಪೈಠಣದಲ್ಲಿ 16ನೆಯ ಶತಮಾನದಲ್ಲಿ ಬಾಳಿದವರು. ಅವರ ಭಾರುಡಗಳು ನಮ್ಮ ಬೆಡಗಿನ ಪದಗಳ ಸೋದರಸಂಬಂಧಿಗಳು. ಏಕನಾಥರು ಭಾರುಡಗಳಲ್ಲಿ ಹೆಂಗಸಾಗಿ, ಜೋಯಿಸನಾಗಿ, ಕೆಳಜಾತಿಯವನಾಗಿ, ಚೇಳು ಕಡಿಸಿಕೊಂಡವನಾಗಿ ಮಾತಾಡುತ್ತಾರೆ.

ಅದರಲ್ಲಿ ಒಂದು ಬಹಳ ಪ್ರಸಿದ್ಧ. ಒಬ್ಬ ಸೊಸೆ ಭವಾನಿಗೆ ಹರಕೆ ಹೊರುತ್ತಾಳೆ. ಮಾವ ಊರಲ್ಲಿಲ್ಲ, ಅವನನ್ನು ಅಲ್ಲಿಯೇ ಮುಗಿಸಿಬಿಡು. ಅತ್ತೆ ಕಾಡುತ್ತಾಳೆ, ನೆಗೆಣ್ಣಿ ಎದುರುತ್ತರ ಕೊಡುತ್ತಾಳೆ, ಅವರನ್ನೂ ನೋಡಿಕೋ. ಗಂಡನನ್ನೂ ಬಿಡಬೇಡ, ನನ್ನೊಬ್ಬಳನ್ನು ಬಿಡುಗಡೆ ಮಾಡು. ಹರಕೆಯ ತಿರುಳು ಇಷ್ಟು. ಕೀರ್ತನಕಾರರು ಇದಕ್ಕೆ ಅರ್ಥ ಹೇಳುತ್ತಾರೆ: ಅತ್ತೆ, ಮಾವ, ನೆಗೆಣ್ಣಿ ಎಂದರೆ ಮನೆಯವರಲ್ಲ, ಅಹಂಕಾರ, ಆಸೆ, ಮೋಹಗಳು. ಅವೆಲ್ಲ ತೊಲಗಿದರೆ ಜೀವ ಒಂಟಿಯಾಗಿ ದೇವಿಯ ಮುಂದೆ ನಿಲ್ಲುತ್ತದೆ. ಈ ಅರ್ಥ ಸರಿಯೇ. ಏಕನಾಥರಂಥ ಸಂತರು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಕಟ್ಟಿದ್ದು. ಆದರೆ ಕೀರ್ತನ ನಡೆವಾಗ ಹೆಂಗಸರ ಸಾಲಿನ ಕಡೆ ನೋಡಿರಿ. ಅರ್ಥ ಹೇಳುವ ಮೊದಲೇ ಅಲ್ಲಿ ಸೆರಗು ಬಾಯಿಗೆ ಹೋಗಿರುತ್ತದೆ. ನಗು ತಡೆಯಲಾಗುವುದಿಲ್ಲ. ಔರಾದದಲ್ಲಿ ಒಮ್ಮೆ ನನ್ನ ಪಕ್ಕ ಕುಳಿತ ಅಜ್ಜಿಯೊಬ್ಬಳಿಗೆ ನಾನು, "ಅತ್ತೆ ಅಂದ್ರ ಅಹಂಕಾರ ಅಂತ ಮಹಾರಾಜರು ಹೇಳ್ಯಾರ, ಯವ್ವಾ" ಎಂದೆ. ಆಕೆ ಕಣ್ಣೊರೆಸಿಕೊಳ್ಳುತ್ತ, "ಇರಬಹುದವ್ವಾ. ಅವ್ರ ಅತ್ತಿ ಹಂಗ ಇರಬಹುದು, ನಮ್ಮತ್ತಿ ಅತ್ತಿನೇ ಇದ್ಲು" ಎಂದಳು.

ಈ ಮಾತನ್ನು ನಾನು ಯಾವ ಟೀಕಿಗಿಂತಲೂ ಕಡಿಮೆಯೆಂದು ಎಣಿಸಲಾರೆ. ಮೇಲಿನ ಅರ್ಥ ಇಲ್ಲದಿದ್ದರೆ ಆ ಪದವನ್ನು ಗುಡಿಯಲ್ಲಿ ಹಾಡಲು ಯಾರೂ ಬಿಡುತ್ತಿರಲಿಲ್ಲ. ಕೆಳಗಿನ ಅರ್ಥ ಇಲ್ಲದಿದ್ದರೆ ಅದನ್ನು ಹೆಂಗಸರು ನಾನೂರು ವರ್ಷ ನೆನಪಿಡುತ್ತಿರಲಿಲ್ಲ. ಪದವು ಬದುಕಿದ್ದು ಎರಡು ಕಾಲುಗಳ ಮೇಲೆ. ಒಂದನ್ನು ಕಡಿದರೆ ಅದು ನಡೆಯಲಾರದು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪ ಬರುವುದು ಸಹಜ. ಹಾಗಾದರೆ ಯಾರು ಏನು ಬೇಕಾದರೂ ಅರ್ಥ ಮಾಡಬಹುದೇ? ಪದಕಾರನಿಗೆ ಬೆಲೆಯೇ ಇಲ್ಲವೇ? ಇದೆ. ನಮ್ಮ ಪದಕಾರರು ಅರ್ಥವನ್ನು ತೆರೆದಿಟ್ಟರೂ ಮಾತನ್ನು ತೆರೆದಿಡಲಿಲ್ಲ. ಪಲ್ಲ ಕಟ್ಟಿ, ನುಡಿ ಕಟ್ಟಿ, ಕೊನೆಗೆ ಅಂಕಿತ ಹಾಕಿದರು. ಅಂಕಿತವೆಂದರೆ ಮನೆಗೆ ಹಾಕಿದ ಚಿಲಕವಲ್ಲ, ಮನೆ ಯಾರದೆಂದು ಹೇಳುವ ಹೆಸರಿನ ಫಲಕ. ಒಳಗೆ ಬನ್ನಿರಿ, ಕುಳಿತುಕೊಳ್ಳಿರಿ, ನಿಮಗೆ ಕಂಡುದನ್ನು ಹೇಳಿರಿ. ಆದರೆ ಗೋಡೆ ಕೆಡವಬೇಡಿರಿ, ಫಲಕ ಬದಲಿಸಬೇಡಿರಿ. ಭಜನೆಯ ಹಿರಿಯರು ಇದನ್ನು ಬಾಯಿಮಾತಿನ ಕಾಯಿದೆಯಂತೆ ಪಾಲಿಸುತ್ತಾರೆ. ಹುಡುಗನೊಬ್ಬ ತನ್ನದೇ ಅರ್ಥ ಹೇಳಿದರೆ ಕೇಳಿಸಿಕೊಳ್ಳುತ್ತಾರೆ, ಒಂದು ಶಬ್ದ ತಪ್ಪಿ ಹಾಡಿದರೆ ತಾಳ ನಿಲ್ಲಿಸುತ್ತಾರೆ.

ಈ ಗೆರೆ ಎಷ್ಟು ಮುಖ್ಯ ಎಂಬುದು ನಮ್ಮ ಕಾಲದಲ್ಲಿಯೇ ಕೋರ್ಟಿನವರೆಗೆ ಹೋಯಿತು. ಮಾತೆ ಮಹಾದೇವಿಯವರು 1990ರ ದಶಕದಲ್ಲಿ ಪ್ರಕಟಿಸಿದ 'ಬಸವ ವಚನ ದೀಪ್ತಿ'ಯಲ್ಲಿ ಬಸವಣ್ಣನವರ 'ಕೂಡಲಸಂಗಮದೇವ' ಎಂಬ ಅಂಕಿತದ ಜಾಗದಲ್ಲಿ 'ಲಿಂಗದೇವ' ಎಂದು ಇಟ್ಟರು. ಅದಕ್ಕೆ ಅವರಿಗೆ ಅವರದೇ ಆದ ನಂಬಿಕೆ, ಕಾರಣಗಳಿದ್ದವು. ಭಕ್ತರಲ್ಲಿ ದೊಡ್ಡ ವಿವಾದವೆದ್ದಿತು. ರಾಜ್ಯ ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು. ಪುಸ್ತಕಗಳನ್ನು ಸರ್ಕಾರ ಮುಟ್ಟುಗೋಲು ಹಾಕಬೇಕೇ ಬೇಡವೇ ಎಂಬುದರಲ್ಲಿ ಎರಡು ಅಭಿಪ್ರಾಯ ಇರಬಹುದು. ನನಗೆ ಕಾಣುವ ಪಾಠ ಬೇರೆ. ಕೂಡಲಸಂಗಮದೇವ ಎಂದರೆ ಊರಿನ ದೇವರೇ, ನಿರಾಕಾರವೇ, ಎರಡು ಹೊಳೆ ಕೂಡುವ ಹಾಗೆ ಜೀವ ಶಿವ ಕೂಡುವ ಜಾಗವೇ ಎಂದು ಓದುವವರು ಯೋಚಿಸಲು ಬಸವಣ್ಣನವರು ಜಾಗ ಬಿಟ್ಟಿದ್ದರು. ಶಬ್ದವನ್ನು ಬದಲಿಸಿದ ಕೂಡಲೇ ಆ ಯೋಚನೆಗೆ ಜಾಗ ಉಳಿಯುವುದಿಲ್ಲ. ಶಬ್ದ ಉಳಿದರೆ ಮಾತ್ರ ಅರ್ಥಗಳು ಉಳಿಯುತ್ತವೆ.

ಇತ್ತೀಚಿನ ಕವಿಗಳಿಗೂ ಈ ಮಾತು ಅನ್ವಯಿಸುತ್ತದೆ. ಬೇಂದ್ರೆಯವರು ಕಂದನನ್ನು ಕಳೆದುಕೊಂಡ ದುಃಖದಲ್ಲಿ, ಗಂಡ ಹೆಂಡತಿಯ ಮುಖ ನೋಡಲಾರದೆ ಆಡಿದ ಮಾತಿನಂತೆ ಒಂದು ಪದ್ಯ ಬರೆದರು. ಅದರ ಹಿನ್ನೆಲೆ ತಿಳಿಯದ ಎಷ್ಟೋ ಜನ ಅದನ್ನು ಪ್ರೇಮಿಗಳ ಮುನಿಸಿನ ಹಾಡೆಂದು ಹಾಡಿದ್ದಾರೆ, ಮದುವೆ ಮನೆಗಳಲ್ಲಿಯೂ ಹಾಡಿದ್ದಾರೆ. ತಿಳಿದವರಿಗೆ ಇದು ಕಿವಿಗೆ ಕಹಿ. ಹಿನ್ನೆಲೆಯನ್ನು ತಿಳಿಸುವುದು ನಮ್ಮಂಥ ಮಾಸ್ತರರ ಕರ್ತವ್ಯ, ತಿಳಿಸಲೇಬೇಕು. ಆದರೆ ಕಂದನನ್ನು ಕಳೆದುಕೊಳ್ಳದ, ಬೇರೆ ಏನನ್ನೋ ಕಳೆದುಕೊಂಡ ಹೆಂಗಸು ಆ ಹಾಡನ್ನು ಕೇಳಿ ಅತ್ತರೆ ಅವಳ ಅಳು ಸುಳ್ಳಾಗುವುದಿಲ್ಲ. ಕವಿಯ ದುಃಖ ತಿಳಿದುಕೊಂಡ ಮೇಲೂ ನಮ್ಮ ದುಃಖಕ್ಕೆ ಆ ಹಾಡಿನಲ್ಲಿ ಜಾಗ ಉಳಿಯುತ್ತದೆ. ಸಾತ್ವಿಕವಾದ ಪದದ ಲಕ್ಷಣವೇ ಅದು. ದೂರದ ಅಮೆರಿಕದ ಹಾಡುಗಾರ ಬಾಬ್ ಡಿಲನ್‌ಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಮರುವರ್ಷ ಕೊಟ್ಟ ಉಪನ್ಯಾಸದಲ್ಲಿ ಅವರು, ತಮ್ಮ ಹಾಡುಗಳ ಅರ್ಥವೇನೆಂಬ ಚಿಂತೆಯನ್ನು ತಾವು ಹಚ್ಚಿಕೊಳ್ಳುವುದಿಲ್ಲ ಎಂಬ ಧಾಟಿಯಲ್ಲಿ ಮಾತಾಡಿದರು. ನಮ್ಮ ಭಜನೆಯ ಮುಂದಾಳು ಅದನ್ನೇ ಎರಡು ಶಬ್ದ ಕಡಿಮೆ ಬಳಸಿ ಹೇಳುತ್ತಾನೆ.

ಇನ್ನು ಶಾಲೆಯ ಮಾತು. ಒಂಬತ್ತನೆಯ ತರಗತಿಯಲ್ಲಿ ತತ್ವಪದದ ಪಾಠ ಮಾಡುವಾಗ, ದೇಹವನ್ನು ಮನೆಯೆಂದು ಹೇಳುವ ಪರಿಪಾಠವನ್ನು ನಾನು ಹೇಳಿಕೊಡುತ್ತೇನೆ. ಒಂಬತ್ತು ಬಾಗಿಲು ಎಂದರೆ ಕಣ್ಣು, ಕಿವಿ, ಮೂಗು, ಬಾಯಿ ಮೊದಲಾದವು. ಮನೆ ಬಾಡಿಗೆಯದು, ಒಂದು ದಿನ ಖಾಲಿ ಮಾಡಬೇಕು. ಗೈಡುಗಳಲ್ಲಿಯೂ ಇಷ್ಟೇ ಇರುತ್ತದೆ. ಭಾಲ್ಕಿಯಲ್ಲಿ ಕಲಿಸುತ್ತಿದ್ದಾಗ ಒಂದು ಕಿರುಪರೀಕ್ಷೆಯಲ್ಲಿ ಒಬ್ಬ ಹುಡುಗಿ ಇದನ್ನೆಲ್ಲ ಬರೆದು, ಕೆಳಗೆ ಇನ್ನೂ ನಾಲ್ಕು ಸಾಲು ಸೇರಿಸಿದ್ದಳು. ಅವಳ ತಾಯಿ ಮನೆಗೆಲಸಕ್ಕೆ ಹೋಗುವವಳು. ಅವರು ಎರಡು ವರ್ಷದಲ್ಲಿ ನಾಲ್ಕು ಮನೆ ಬದಲಿಸಿದ್ದರು. ಬಾಡಿಗೆ ಮನೆಯಲ್ಲಿ ಇರುವವರು ಗೋಡೆಗೆ ಮೊಳೆ ಹೊಡೆಯುವುದಿಲ್ಲ, ಆದರೆ ದಿನಾಲು ಅಂಗಳ ಸಾರಿಸಿ ರಂಗೋಲಿ ಹಾಕುತ್ತಾರೆ, ಪದ ಬರೆದವರು ಇದನ್ನೂ ಹೇಳಿರಬಹುದು ಎಂದು ಅವಳು ಬರೆದಿದ್ದಳು.

ನಾನು ಪೂರ್ತಿ ಅಂಕ ಕೊಟ್ಟೆ. ಸಹೋದ್ಯೋಗಿಯೊಬ್ಬರು ಉತ್ತರಪತ್ರಿಕೆ ನೋಡಿ, "ಟೀಚರ್, ಬೋರ್ಡ್ ಪರೀಕ್ಷೆಯಲ್ಲಿ ಹೀಗೆ ಬರೆದರೆ ಯಾರು ಅಂಕ ಕೊಡ್ತಾರೆ? ಹುಡುಗಿಗೆ ನೀವೇ ತೊಂದರೆ ಮಾಡ್ತಿದ್ದೀರಿ" ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಮೌಲ್ಯಮಾಪನಕ್ಕೆ ಕುಳಿತವರ ಕೈಯಲ್ಲಿ ಮಾದರಿ ಉತ್ತರ ಇರುತ್ತದೆ, ನೋಡಬೇಕಾದ ಪತ್ರಿಕೆಗಳ ರಾಶಿ ಇರುತ್ತದೆ. ಬಡವರ ಮಕ್ಕಳಿಗೆ ಒಂದೊಂದು ಅಂಕವೂ ದೊಡ್ಡದು. ಆದುದರಿಂದ ನಾನು ಹುಡುಗಿಯರಿಗೆ ಎರಡನ್ನೂ ಹೇಳಿಕೊಡುತ್ತ ಬಂದಿದ್ದೇನೆ. ಗೈಡಿನ ಅರ್ಥವನ್ನು ಮೊದಲು ಬರೆಯಿರಿ, ಅದು ಟೀಕುಗಾರರಿಂದ ಬಂದ ಆಸ್ತಿ, ಕಳೆಯಬೇಡಿರಿ. ಆಮೇಲೆ ನಿಮ್ಮದನ್ನು ಬರೆಯಿರಿ. ಅಂಕ ಬಂದರೂ ಬರಲಿ, ಬಾರದಿದ್ದರೂ ಬರೆಯಿರಿ. ಮೊಳೆ ಹೊಡೆಯದ ಗೋಡೆಯ ಅರ್ಥ ಆ ಹುಡುಗಿಗೆ ಗೊತ್ತಿದ್ದಷ್ಟು ಸ್ವಂತ ಮನೆಯಲ್ಲಿ ಕುಳಿತು ಗೈಡು ಬರೆದವರಿಗೆ ಗೊತ್ತಿರಲಾರದು.

ಈಗ ಮೊದಲಿನ ಪ್ರಶ್ನೆಗೆ ನನ್ನ ಉತ್ತರ ಹೇಳಬಹುದು. ಪದಕಾರರು ಅರ್ಥವನ್ನು ಬಿಟ್ಟುಹೋದದ್ದು ಬಾರದೆ ಅಲ್ಲ. ಭಯ ಸ್ವಲ್ಪ ಇದ್ದಿರಬಹುದು, ಆದರೆ ಅದೇ ಮುಖ್ಯವಲ್ಲ. ಮುಂದೆ ಹಾಡುವವರ ಮೇಲೆ ಅವರಿಗೆ ನಂಬಿಕೆ ಇತ್ತು. ತಮಗೆ ಗೊತ್ತಿರದ ಒಂದು ಬದುಕು, ಅದು ಬೀಸುವ ಹೆಂಗಸಿನದಿರಲಿ, ಜಲಾಲಸಾಹೇಬರದಿರಲಿ, ಬಾಡಿಗೆ ಮನೆಯ ಹುಡುಗಿಯದಿರಲಿ, ಈ ಪದವನ್ನು ಪೂರ್ತಿ ಮಾಡೀತು ಎಂಬ ನಂಬಿಕೆ ಅದು. ಆ ನಂಬಿಕೆಯನ್ನು ಇಂದು ಎರಡು ಕಡೆಯಿಂದ ಹಿಂಡುತ್ತಿದ್ದಾರೆ. ಒಂದು ಕಡೆ ಒಂದೇ ಉತ್ತರದ ಪರೀಕ್ಷೆ, ಇನ್ನೊಂದು ಕಡೆ "ಈ ಶರಣರು ನಮ್ಮವರು, ಈ ಪದ ನಮ್ಮದು, ಅರ್ಥವೂ ನಾವು ಹೇಳಿದ್ದೇ" ಎಂಬ ಜಗಳ. ಅಷ್ಟೂರಿನ ಗೋರಿಯ ಮುಂದೆ ಕೂಡಿ ನಿಂತ ಜನ ಇಂಥ ಜಗಳಕ್ಕೆ ಒಳ್ಳೆಯ ಉತ್ತರ. ಆದರೆ ಅದು ತಾನಾಗಿಯೇ ಉಳಿಯುವುದಿಲ್ಲ.

ಉಳಿಸುವುದರಲ್ಲಿ ನಮ್ಮ ಕೈಲಾಗುವ ಒಂದು ಸಣ್ಣ ಕೆಲಸವಿದೆ. ನಿಮ್ಮ ಮನೆಯಲ್ಲಿ, ಇಲ್ಲವೇ ನಿಮ್ಮ ಓಣಿಯಲ್ಲಿ, ಪದ ಬಲ್ಲ ಒಬ್ಬ ಅತ್ತೆಯೋ ದೊಡ್ಡಮ್ಮನೋ ಇದ್ದೇ ಇರುತ್ತಾಳೆ. ಮಧ್ಯಾಹ್ನ ಟೀವಿ ಆರಿಸಿ ಆಕೆಯ ಹತ್ತಿರ ಒಂದು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿರಿ. ಆಕೆ ಹಾಡಿದಂತೆಯೇ, ಆಕೆಯ ಉಚ್ಚಾರದಲ್ಲಿಯೇ, ಶಬ್ದ ತಿದ್ದದೆ ಬರೆದುಕೊಳ್ಳಿರಿ. ಅಂಕಿತ ಬಿಡಬೇಡಿರಿ. ಎಡಗಡೆಯ ಪುಟದಲ್ಲಿ ಪದ ಬರೆದು ಬಲಗಡೆಯ ಪುಟ ಖಾಲಿ ಬಿಡಿರಿ. ಆಕೆ ಏನು ಅರ್ಥ ಹೇಳುತ್ತಾಳೋ ಅದನ್ನು ಅಲ್ಲಿ ಆಕೆಯ ಹೆಸರು ಹಾಕಿ ಬರೆಯಿರಿ, ಅದರ ಕೆಳಗೆ ನಿಮ್ಮದನ್ನು ನಿಮ್ಮ ಹೆಸರು ಹಾಕಿ ಬರೆಯಿರಿ. ಪುಟ ತುಂಬಿಸಿಬಿಡಬೇಡಿರಿ. ನಿಮ್ಮ ಮಗಳಿಗೂ ಸೊಸೆಗೂ ಸ್ವಲ್ಪ ಜಾಗ ಬೇಕಾಗುತ್ತದೆ.